ಹಳೆ ಮನೆಯ ಡಕ್ಟ್ ಕ್ಲೀನ್ ಮಾಡಿಸಲು ಹೋಗಿ ನೆಲದಡಿ ತೂರಿದ ಕಥೆ

ಟೀವಿ ಸ್ಟ್ಯಾಂಡಿನ ಮೇಲೆ ಮಗ ಬೆರಳಿನಿಂದ ತನ್ನ ಹೆಸರು ಬರೆದಿದ್ದ. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಅದನ್ನು ಒರೆಸಿ ಇನ್ನೂ ಮೂರು ದಿನ ಆಗಿರಲಿಲ್ಲ. ಕಿಟಕಿ ತೆಗೆಯುವುದು ಅಪರೂಪ, ಬಾಗಿಲಲ್ಲಿ ಕಾಲೊರಸು ಇದೆ, ವ್ಯಾಕ್ಯೂಮ್ ವಾರಕ್ಕೆರಡು ಸಲ ಓಡುತ್ತದೆ. ಆದರೂ ಹೆಸರು ಬರೆಯುವಷ್ಟು ಧೂಳು. ಎಲ್ಲಿಂದ ಬರ್ತಿದೆ ಇದು?

ಉತ್ತರ ಸಿಗಲು ಹೆಚ್ಚುಕಡಿಮೆ ಐದು ತಿಂಗಳು ಬೇಕಾಯಿತು. ಮಧ್ಯೆ ಒಂದು ಸಲ ಟೋಪಿ ಹಾಕಿಸಿಕೊಂಡದ್ದೂ ಆಯಿತು.

ಮನೆ 1962ರಲ್ಲಿ ಕಟ್ಟಿದ್ದು. ನಾವು ಕೊಂಡು ನಾಲ್ಕು ವರ್ಷ. ಇಡೀ ಮನೆಗೆ ಒಂದೇ ಯಂತ್ರ, ಚಳಿಗೆ ಬಿಸಿ ಗಾಳಿ, ಸೆಕೆಗೆ ತಂಪು ಗಾಳಿ, ಎರಡೂ ಅದೇ ಡಕ್ಟುಗಳಲ್ಲಿ, ಅಂದರೆ ತಗಡಿನ ಕೊಳವೆಗಳಲ್ಲಿ, ಕೋಣೆ ಕೋಣೆಗೆ ಹೋಗುತ್ತವೆ. ಈ ವ್ಯವಸ್ಥೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಮನೆ ಉಸಿರಾಡುವ ಹಾಗೆ. ಒಂದು ಗುಂಪು ಡಕ್ಟು ಯಂತ್ರದಿಂದ ಗಾಳಿಯನ್ನು ಕೋಣೆಗಳಿಗೆ ಬಿಡುತ್ತದೆ, ಅದು ಸಪ್ಲೈ. ಇನ್ನೊಂದು ಗುಂಪು ಕೋಣೆಗಳ ಗಾಳಿಯನ್ನು ಯಂತ್ರಕ್ಕೆ ವಾಪಸ್ ಎಳೆದುಕೊಳ್ಳುತ್ತದೆ, ಅದು ರಿಟರ್ನ್. ನನ್ನ ಗಮನವೆಲ್ಲ ಇದ್ದದ್ದು ಸಪ್ಲೈ ಕಡೆಗೆ. ಗಾಳಿ ಬರುವ ಕಡೆಯಿಂದಲೇ ತಾನೇ ಧೂಳೂ ಬರಬೇಕು ಅಂದುಕೊಂಡಿದ್ದೆ.

ಧೂಳೊಂದೇ ಅಲ್ಲ. ಹಿಂದಿನ ಬೆಡ್‌ರೂಮ್ ಯಾವತ್ತೂ ಬೆಚ್ಚಗಾಗುತ್ತಿರಲಿಲ್ಲ. ಅಲ್ಲಿ ಮಲಗುವ ನಮ್ಮ ಅತ್ತೆ ಒಳಗೂ ಸ್ವೆಟರ್ ಹಾಕಿಕೊಂಡೇ ಇರುತ್ತಿದ್ದರು. ಇನ್ನೊಂದು ವಿಚಿತ್ರ, ಬ್ಲೋವರ್, ಅಂದರೆ ಯಂತ್ರದೊಳಗಿನ ಗಾಳಿ ತಳ್ಳುವ ಫ್ಯಾನ್, ಶುರುವಾದ ಮೊದಲ ಎರಡು ನಿಮಿಷ ಒದ್ದೆ ಮಣ್ಣಿನ ವಾಸನೆ. ಮಳೆ ಬಿದ್ದ ಮಣ್ಣಿನ ವಾಸನೆ ಅಂದರೆ ಕವಿಗಳಿಗೆ ಖುಷಿ. ಮಧ್ಯರಾತ್ರಿ ಹಾಸಿಗೆಯ ಪಕ್ಕ ಬಂದರೆ ಅಷ್ಟೇನೂ ಖುಷಿ ಆಗುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸಿದ್ದರೆ ಉತ್ತರ ಆಗಲೇ ಸಿಗುತ್ತಿತ್ತೋ ಏನೋ. ಒಂದೊಂದನ್ನೂ ಬೇರೆ ಬೇರೆ ತಲೆನೋವು ಅಂತ ನೋಡುತ್ತಿದ್ದೆ.

ಮೊದಲು ಕರೆಸಿದವರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬಾಗಿಲಿಗೆ ಸಿಕ್ಕಿಸಿ ಹೋಗಿದ್ದ ಚೀಟಿಯಲ್ಲಿ ಇಡೀ ಮನೆಗೆ ನಂಬಲಾಗದಷ್ಟು ಕಡಿಮೆ ದರ ಇತ್ತು. ಇಬ್ಬರು ಬಂದರು, ಮನೆಯಲ್ಲಿ ಬಳಸುವಂಥದ್ದೇ ವ್ಯಾಕ್ಯೂಮ್ ತಂದಿದ್ದರು. ಡಕ್ಟಿನ ಬಾಯಿಗೆ ಹಾಕಿರುವ ಗ್ರಿಲ್ ಒಂದೊಂದೇ ಬಿಚ್ಚಿ, ಕೈ ಎಟುಕುವಷ್ಟು ದೂರ ಪೈಪ್ ತೂರಿಸಿ, ಮತ್ತೆ ಮುಚ್ಚಿದರು. ಕಡೆಗೆ ಏನೋ ಘಮಘಮ ಸ್ಪ್ರೇ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಹೋಗುವಾಗ ಒಬ್ಬ ಫೋನಿನಲ್ಲಿ ಕಪ್ಪು ಕಪ್ಪಾದ ಒಂದು ಫೋಟೋ ತೋರಿಸಿ, "ಒಳಗೆಲ್ಲ ಬೂಷ್ಟು ಹಿಡಿದಿದೆ ಮೇಡಂ, ಇವತ್ತೇ ಔಷಧಿ ಹೊಡೆಸದಿದ್ದರೆ ಮಕ್ಕಳಿಗೆ ಅಪಾಯ" ಅಂತ ಹೆದರಿಸಿದ. ಅದರ ಬೆಲೆ ಚೀಟಿಯಲ್ಲಿದ್ದ ದರದ ಆರು ಪಟ್ಟು. ಆ ಫೋಟೋ ನಮ್ಮ ಮನೆಯದು ಅನ್ನುವುದಕ್ಕೆ ಯಾವ ಗುರುತೂ ಇರಲಿಲ್ಲ. ನಮ್ಮವರು ಸುಮ್ನೆ ಬಾಗಿಲು ತೆರೆದು ನಿಂತರು, ಅವರೂ ಅರ್ಥಮಾಡಿಕೊಂಡು ಹೊರಟರು. ಎರಡು ವಾರಕ್ಕೆ ಮಗ ಮತ್ತೆ ಹೆಸರು ಬರೆದ.

ಆಮೇಲೆ ಓದಲು ಕೂತೆ. ಓದಿದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಹೇಳುವ ಮಾತು. ಡಕ್ಟ್ ಕ್ಲೀನ್ ಮಾಡಿಸಿದರೆ ಕಾಯಿಲೆ ತಪ್ಪುತ್ತದೆ ಅನ್ನುವುದು ಸಾಬೀತಾಗಿಲ್ಲ, ಆದ್ದರಿಂದ ವರ್ಷ ವರ್ಷ ಸುಮ್ಮನೆ ಮಾಡಿಸುವ ಕೆಲಸ ಇದಲ್ಲ, ಬೇಕಾದಾಗ ಮಾಡಿಸಿ ಅಂತ. ಬೇಕಾದಾಗ ಅಂದರೆ? ಡಕ್ಟಿನೊಳಗೆ ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿರಬೇಕು, ಇಲ್ಲವೇ ಇಲಿ, ಹುಳ ಸೇರಿಕೊಂಡಿರಬೇಕು, ಇಲ್ಲವೇ ಧೂಳು ಕಸ ತುಂಬಿ ಅದು ಗ್ರಿಲ್ಲಿನಿಂದ ಕೋಣೆಗೆ ಬೀಳುತ್ತಿರಬೇಕು. ಬೂಷ್ಟು, ಇಲಿ ಏಕೆ ಬಂದವು ಅನ್ನುವುದನ್ನು ಸರಿಪಡಿಸದಿದ್ದರೆ ಎಷ್ಟು ಸಲ ಕ್ಲೀನ್ ಮಾಡಿಸಿದರೂ ಅವು ವಾಪಸ್ ಬರುತ್ತವೆ ಎಂದೂ ಇದೆ. ಇದನ್ನು ಓದಿ ನಮ್ಮವರು, "ಹಾಗಾದರೆ ಬಿಟ್ಟುಬಿಡೋಣ, ಧೂಳು ಒರೆಸಿಕೊಂಡು ಇರೋಣ" ಅಂದರು. ಒರೆಸುವುದು ಯಾರು ಅಂತ ಕೇಳಿದೆ. ಮಾತು ಅಲ್ಲಿಗೆ ನಿಂತಿತು.

ಮೂರು ಕಡೆ ಫೋನ್ ಮಾಡಿದೆ. ಇಬ್ಬರು ಮನೆ ನೋಡದೆಯೇ ದರ ಹೇಳಿದರು. ಮೂರನೆಯವರು ಹೇಳಲಿಲ್ಲ. "ಎಷ್ಟು ವರ್ಷದ ಮನೆ?" ಅಂತ ಕೇಳಿದರು. ಹೇಳಿದೆ. "ಹಾಗಿದ್ದರೆ ನೋಡದೆ ಏನೂ ಹೇಳಲ್ಲ. ಡಕ್ಟಿನ ಜಾಯಿಂಟುಗಳಿಗೆ ಬಿಳಿ ಪಟ್ಟಿ ಸುತ್ತಿದ್ದರೆ ಅದನ್ನು ಮುಟ್ಟಬೇಡಿ, ಕೆರೆಯಬೇಡಿ, ನಾವು ಬರುವ ತನಕ ಹಾಗೇ ಇರಲಿ." ಕ್ಲೀನ್ ಮಾಡಲು ಕರೆದರೆ ಮುಟ್ಟಬೇಡಿ ಅನ್ನುವವರು! ಅವರೇ ಸರಿ ಅನ್ನಿಸಿತು.

ಬಂದವರು ಐವತ್ತು ದಾಟಿದ, ಮಾತು ಕಡಿಮೆಯ ಒಬ್ಬರು ಮತ್ತು ಅವರ ಜೊತೆ ಒಬ್ಬ ಹುಡುಗ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆದೆವು, ಹೆಸರು ಹಿಡಿದು ಕರೆಯಲು ಬಾಯಿ ಬರಲಿಲ್ಲ. ಮೊದಲ ದಿನ ಅವರು ಒಂದು ಚಮಚ ಧೂಳನ್ನೂ ತೆಗೆಯಲಿಲ್ಲ. ಉದ್ದನೆಯ ವೈರಿನ ತುದಿಯ ಕ್ಯಾಮೆರಾವನ್ನು ಗ್ರಿಲ್ಲುಗಳಿಂದ ಒಳಗೆ ಬಿಟ್ಟು, ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡು ಪರದೆಯ ಮೇಲೆ ತೋರಿಸಿದರು. ಸಪ್ಲೈ ಕಡೆ ಧೂಳು ಇತ್ತು, ಆದರೆ ತೆಳ್ಳಗೆ, ತಗಡು ಕಾಣುವಷ್ಟು. "ಇದು ಇಷ್ಟು ವರ್ಷದ ಮನೆಗೆ ದೊಡ್ಡ ವಿಷಯ ಅಲ್ಲ" ಅಂದರು. ಕ್ಯಾಮೆರಾ ರಿಟರ್ನ್ ಕಡೆಗೆ ಹೋದಾಗ ಚಿತ್ರವೇ ಬೇರೆ. ಬೂದು ಬಣ್ಣದ ಕಂಬಳಿ ಹಾಸಿದ ಹಾಗಿತ್ತು. ಮಧ್ಯೆ ಮಣ್ಣಿನ ಹೆಂಟೆ, ಜೇಡರ ಬಲೆ, ಸಣ್ಣ ಕಪ್ಪು ಕಾಳುಗಳಂಥವು. ಅವು ಏನು ಅಂತ ಕೇಳಿದೆ. "ಇಲಿ ಹಿಕ್ಕೆ" ಅಂದರು, ಹವಾಮಾನ ಹೇಳುವಷ್ಟೇ ಸಲೀಸಾಗಿ.

ಆಮೇಲೆ ನೆಲದಡಿ ಹೋದರು. ನಮ್ಮ ಮನೆಗೆ ಕೆಳಗೆ ಎರಡೂವರೆ ಅಡಿ ಎತ್ತರದ ಖಾಲಿ ಜಾಗ ಇದೆ, ತೆವಳಿಕೊಂಡೇ ಹೋಗಬೇಕು, ನೆಲ ಬರೀ ಮಣ್ಣು. ನಾನು ನಾಲ್ಕು ವರ್ಷದಲ್ಲಿ ಅದರ ಬಾಗಿಲು ತೆಗೆದದ್ದು ಒಂದೇ ಸಲ, ಅದೂ ಬೆಕ್ಕು ಕಳೆದುಹೋದಾಗ. ಅರ್ಧ ಗಂಟೆ ಬಿಟ್ಟು ಹೊರಬಂದ ಮೇಸ್ತ್ರಿ ಫೋಟೋ ತೋರಿಸಿದರು. ಯಂತ್ರದ ಹತ್ತಿರದ ದೊಡ್ಡ ಡಕ್ಟಿನ ಜಾಯಿಂಟುಗಳಿಗೆ ಬಿಳಿ ಪಟ್ಟಿ. ಒಂದು ಕಡೆ ಹರಿದು ಜೋತು ಬಿದ್ದಿತ್ತು. "ಇದು ಆಸ್ಬೆಸ್ಟಾಸ್ ಇರಬಹುದು, ಇಲ್ಲದೆಯೂ ಇರಬಹುದು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಲ್ಯಾಬಿಗೆ ಕಳಿಸಬೇಕು. ರಿಪೋರ್ಟ್ ಬರೋವರೆಗೆ ಬ್ರಷ್ ಹಾಕಲ್ಲ." ಹಾಗೆ ಹೇಳಿ ಹೊರಟೇಬಿಟ್ಟರು.

ಆಸ್ಬೆಸ್ಟಾಸ್ ಅಂದರೆ ನನಗೆ ಗೊತ್ತಿದ್ದದ್ದು ಚಾವಣಿಯ ಶೀಟು ಮಾತ್ರ. ಶಾಖಕ್ಕೆ ಜಗ್ಗದ ನಾರು ಅಂತ 1970ರ ದಶಕದವರೆಗೆ ಕಟ್ಟಿದ ಮನೆಗಳಲ್ಲಿ ಡಕ್ಟಿನ ಜಾಯಿಂಟಿಗೆ, ಬಿಸಿ ಪೈಪಿನ ಸುತ್ತ, ನೆಲದ ಟೈಲಿಗೂ ಇದನ್ನು ಬಳಸುತ್ತಿದ್ದರಂತೆ. ಗಟ್ಟಿಯಾಗಿ ಅಂಟಿಕೊಂಡು ಸುಮ್ಮನಿದ್ದರೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಹರಿದರೆ, ಕೆರೆದರೆ, ಉಜ್ಜಿದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಒಳಗೆ ಹೋದ ಎಳೆ ಶ್ವಾಸಕೋಶದಲ್ಲೇ ಉಳಿಯುತ್ತದೆ, ಕ್ಯಾನ್ಸರ್ ತರಬಲ್ಲದು, ಅದೂ ಹತ್ತಾರು ವರ್ಷ ಆದ ಮೇಲೆ. ಮೊದಲು ಬಂದ ಆ ಇಬ್ಬರು ಕೆಳಗೆ ಇಳಿಯುವ ಸೋಮಾರಿತನ ಮಾಡಿದ್ದು ನಮ್ಮ ಪುಣ್ಯ.

ಮಾದರಿ ತೆಗೆಯಲು ಬೇರೆಯವರೇ ಬಂದರು. ನೀರು ಚಿಮುಕಿಸಿ ಒದ್ದೆ ಮಾಡಿ, ಉಗುರಿನಷ್ಟು ಚೂರು ಕತ್ತರಿಸಿ, ಎರಡು ಚೀಲದೊಳಗೆ ಹಾಕಿಕೊಂಡು ಹೋದರು. ಒಂದು ವಾರಕ್ಕೆ ರಿಪೋರ್ಟ್: ಇದೆ. ಮುಟ್ಟದೆ, ಮೇಲೆ ಲೇಪ ಕೊಟ್ಟು ಬಿಡುವುದೂ ಒಂದು ದಾರಿ, ಎಷ್ಟೋ ಮನೆಯಲ್ಲಿ ಹಾಗೇ ಮಾಡುತ್ತಾರೆ ಅಂದರು. ಆದರೆ ನಮ್ಮಲ್ಲಿ ಅದು ಆಗಲೇ ಹರಿದಿತ್ತು, ಮೇಲಾಗಿ ಡಕ್ಟಿನೊಳಗೆ ಬ್ರಷ್ ತಿರುಗಿದರೆ ತಗಡು ಅದುರುತ್ತದೆ. ಹಾಗಾಗಿ ತೆಗೆಸಿದೆವು. ಅದು ಮೇಸ್ತ್ರಿಯ ಕೆಲಸವಲ್ಲ, ಅದಕ್ಕೇ ಲೈಸೆನ್ಸ್ ಇರುವವರು ಇದ್ದಾರೆ. ಅವರು ಆ ಜಾಗವನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಬಿಳಿ ಉಡುಪು ಮುಖವಾಡ ಹಾಕಿಕೊಂಡು ಕೆಲಸ ಮಾಡಿ, ಕಡೆಗೆ ಗಾಳಿಯನ್ನೂ ಪರೀಕ್ಷೆ ಮಾಡಿಸಿ ಕಾಗದ ಕೊಟ್ಟರು. ಎರಡು ದಿನ ನಾವು ಮನೆಯಲ್ಲಿರಲಿಲ್ಲ. ಖರ್ಚಿನ ಬಗ್ಗೆ ಕೇಳಬೇಡಿ. ನಮ್ಮವರು ಆ ತಿಂಗಳು ಹೆಚ್ಚು ಮಾತಾಡಲಿಲ್ಲ.

ಮೇಸ್ತ್ರಿ ಮತ್ತೆ ಬಂದದ್ದು ಒಂದು ಫ್ಯಾನ್ ಹೊತ್ತುಕೊಂಡು. ಇಷ್ಟಾದರೂ ಕ್ಲೀನಿಂಗ್ ಇಲ್ಲ! ಮೊದಲು ಸೋರಿಕೆ ನೋಡಬೇಕಂತೆ. ಹುಡುಗ ಮನೆಯ ಎಲ್ಲ ಗ್ರಿಲ್ಲುಗಳ ಮೇಲೆ ಪ್ಲಾಸ್ಟಿಕ್ ಅಂಟಿಸಿದ. ಎಲ್ಲಿಯೂ ಗಾಳಿ ಹೊರಗೆ ಹೋಗಲು ದಾರಿ ಇಲ್ಲ. ಆಮೇಲೆ ರಿಟರ್ನ್ ಗ್ರಿಲ್ಲಿಗೆ ಆ ಫ್ಯಾನ್ ಕಟ್ಟಿ, ಡಕ್ಟಿನೊಳಗೆ 25 ಪ್ಯಾಸ್ಕಲ್ ಒತ್ತಡ ಬರುವವರೆಗೆ ಗಾಳಿ ತುಂಬಿದರು. ಸೈಕಲ್ ಟ್ಯೂಬಿಗೆ ಗಾಳಿ ಹಾಕಿ ನೀರಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುತ್ತಾರಲ್ಲ, ಅದೇ ತತ್ವ. ಆ ಒತ್ತಡವನ್ನು ಹಾಗೇ ಇಡಲು ಫ್ಯಾನ್ ಎಷ್ಟು ಗಾಳಿ ತಳ್ಳುತ್ತಲೇ ಇರಬೇಕೋ ಅಷ್ಟು ಸೋರುತ್ತಿದೆ ಅಂತ ಲೆಕ್ಕ. ನಿಮಿಷಕ್ಕೆ ಸುಮಾರು 1200 ಘನ ಅಡಿ ಗಾಳಿ ಓಡಾಡಬೇಕಾದ ನಮ್ಮ ವ್ಯವಸ್ಥೆಯಲ್ಲಿ ಮೀಟರ್ 390 ತೋರಿಸಿತು. "ಇದು ಟೆಸ್ಟಿನ ಒತ್ತಡದ ಲೆಕ್ಕ, ದಿನಾ ಓಡುವಾಗ ಇಷ್ಟೇ ಅಂತಲ್ಲ" ಅಂತ ಮೇಸ್ತ್ರಿ ಎಚ್ಚರಿಸಿದರು. ಸಾಮಾನ್ಯ ಮನೆಗಳಲ್ಲೇ ಡಕ್ಟಿನ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ತೂತು, ಸಡಿಲ ಜಾಯಿಂಟುಗಳಿಂದ ಕಳೆದುಹೋಗುತ್ತದೆ ಎಂದು ಅಮೆರಿಕ ಸರ್ಕಾರದ ಇಂಧನ ಉಳಿತಾಯ ಯೋಜನೆ ಎನರ್ಜಿ ಸ್ಟಾರ್‌ನವರೂ ಬರೆದಿದ್ದಾರೆ. ಟೆಸ್ಟಿನ ಲೆಕ್ಕದಲ್ಲಿ ನಮ್ಮದು ಅದನ್ನೂ ಮೀರಿತ್ತು. ದುಡ್ಡು ಕೊಟ್ಟು ಬಿಸಿ ಮಾಡಿದ ಗಾಳಿಯಲ್ಲಿ ದೊಡ್ಡ ಪಾಲು ನೆಲದಡಿಯ ಇಲಿಗಳಿಗೆ.

ಆದರೆ ಧೂಳಿನ ಗುಟ್ಟು ಬಯಲಾದದ್ದು ಮೀಟರಿನಿಂದಲ್ಲ, ಹೊಗೆಯಿಂದ. ಫ್ಯಾನ್ ತೆಗೆದು ನಮ್ಮ ಬ್ಲೋವರನ್ನೇ ಓಡಿಸಿ, ಮೇಸ್ತ್ರಿ ಒಂದು ಹೊಗೆ ಬಿಡುವ ಕಡ್ಡಿ ಹಿಡಿದು ಕೆಳಗೆ ಹೋದರು. "ಬನ್ನಿ ಮೇಡಂ, ಇದನ್ನ ನೀವೇ ನೋಡಬೇಕು" ಅಂತ ಕರೆದರು. ಹಳೆ ಬಟ್ಟೆ ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಮಾಸ್ಕ್ ಕಟ್ಟಿ, ಮೊಣಕೈ ಊರಿಕೊಂಡು ತೆವಳಿದೆ. ಮುಖಕ್ಕೆ ಜೇಡರ ಬಲೆ. ಹಿಂದಿನಿಂದ ಅತ್ತೆ, "ಹುಷಾರು ಕಣೇ, ಹಾವುಗೀವು ಇದ್ದೀತು" ಅಂತ ಧೈರ್ಯ ತುಂಬುತ್ತಿದ್ದರು.

ನಮ್ಮ ರಿಟರ್ನ್ ಅರ್ಧ ದೂರ ತಗಡಿನ ಕೊಳವೆಯೇ ಅಲ್ಲವಂತೆ. ಹಳೆ ಮನೆಗಳಲ್ಲಿ ತಗಡು ಉಳಿಸಲು ಒಂದು ಉಪಾಯ ಮಾಡುತ್ತಿದ್ದರು. ನೆಲವನ್ನು ಹೊರುವ ಎರಡು ಮರದ ತೊಲೆಗಳ ನಡುವಿನ ಸಂದಿಗೆ ಕೆಳಗಿನಿಂದ ಒಂದು ತಗಡು ಹೊಡೆದರೆ ಆಯಿತು, ಅದೇ ಡಕ್ಟು. ಮೇಲೆ ಹಲಗೆ, ಅಕ್ಕಪಕ್ಕ ತೊಲೆ, ಕೆಳಗೆ ತಗಡು. ಅರವತ್ತು ವರ್ಷದಲ್ಲಿ ಮರ ಒಣಗಿ ಸೊರಗಿತ್ತು, ಮೊಳೆಗಳು ಸಡಿಲವಾಗಿದ್ದವು, ಒಂದು ಕಡೆ ತಗಡಿನ ತುದಿ ಕಳಚಿ ಗೇಣಗಲ ಬಾಯಿ ಬಿಟ್ಟಿತ್ತು. ಮೇಸ್ತ್ರಿ ಹೊಗೆಕಡ್ಡಿಯನ್ನು ಅದರ ಹತ್ತಿರ ಹಿಡಿದರು. ಬೀಡಿ ಸೇದುವವನು ದಮ್ಮು ಎಳೆದ ಹಾಗೆ ಆ ಬಾಯಿ ಹೊಗೆಯನ್ನೆಲ್ಲ ಒಳಕ್ಕೆ ಎಳೆದುಕೊಂಡಿತು.

ಒದ್ದೆ ಮಣ್ಣಿನ ವಾಸನೆ ಎಲ್ಲಿಂದ ಅಂತ ಆಗ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಮನೆ ನಾಲ್ಕು ವರ್ಷದಿಂದ ನೆಲದಡಿಯ ಗಾಳಿಯನ್ನು ಉಸಿರಾಡುತ್ತಿತ್ತು. ಮಣ್ಣು, ಬಲೆ, ಹಿಕ್ಕೆ ಎಲ್ಲ ಅದರ ಜೊತೆ. ಫಿಲ್ಟರ್ ಇಲ್ಲವೇ ಅಂತ ನೀವು ಕೇಳಬಹುದು, ನಾನೂ ಕೇಳಿದೆ. ಇತ್ತು. ಆದರೆ ಅದು ಕೂರುವ ಜಾಗಕ್ಕಿಂತ ಅರ್ಧ ಇಂಚು ಚಿಕ್ಕದು, ಪಕ್ಕದ ಸಂದಿಯಲ್ಲಿ ಗಾಳಿ ಆರಾಮಾಗಿ ನುಸುಳಿಕೊಂಡು ಹೋಗುತ್ತಿತ್ತು. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಅಲ್ಲೇ ಇನ್ನೊಂದು ಕಡೆ ಟಾರ್ಚ್ ಬಿಟ್ಟು ತೋರಿಸಿದರು. ಅತ್ತೆಯ ಕೋಣೆಗೆ ಹೋಗುವ ಕೊಳವೆ ಮೊಣಕೈಯಂಥ ತಿರುವಿನಲ್ಲಿ ಕಳಚಿಕೊಂಡಿತ್ತು. ಜೋಡಣೆಗೆ ಯಾರೋ ಬೂದು ಬಣ್ಣದ ಬಟ್ಟೆ ಟೇಪ್ ಸುತ್ತಿದ್ದರು, ಅದರ ಅಂಟು ಒಣಗಿ ಪುಡಿಯಾಗಿ ಟೇಪ್ ಸುರುಳಿ ಬಿಚ್ಚಿ ನೇತಾಡುತ್ತಿತ್ತು. ಡಕ್ಟ್ ಟೇಪ್ ಅಂತಲೇ ಅದರ ಹೆಸರು, ಡಕ್ಟಿಗೆ ಮಾತ್ರ ಅದು ಆಗಿಬರುವುದಿಲ್ಲ ಅಂತ ಮೇಸ್ತ್ರಿ ಮೊದಲ ಸಲ ನಕ್ಕರು. ಆಮೇಲೆ ಓದಿದೆ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಬೇರೆ ಬೇರೆ ಟೇಪು, ಲೇಪಗಳನ್ನು ಬಿಸಿ ಗಾಳಿಗೆ ಒಡ್ಡಿ ಪರೀಕ್ಷೆ ಮಾಡಿ 1998ರಲ್ಲಿ ಹೇಳಿದ್ದೂ ಇದನ್ನೇ. ಸೋತದ್ದು ಈ ಬಟ್ಟೆ ಟೇಪ್. ಅತ್ತೆಗೆ ಬರಬೇಕಾದ ಬಿಸಿ ಗಾಳಿ ಪೂರ್ತಿ ಮಣ್ಣಿಗೆ ಬೀಳುತ್ತಿತ್ತು. "ನಾನು ಆಗಿನಿಂದ ಹೇಳ್ತಿರಲಿಲ್ವಾ, ವಯಸ್ಸಾಗಿ ಚಳಿ ಅಲ್ಲ ಅಂತ" ಅಂದರು ಅತ್ತೆ. ಹೇಳುತ್ತಿದ್ದರು, ನಿಜ.

ಇಷ್ಟೆಲ್ಲ ತೂತುಗಳಿಗೆ ಒಳಗಿನಿಂದಲೇ ಮದ್ದು ಹೊಡೆಯುವ ಏರೋಸೀಲ್ ವಿಧಾನದ ಬಗ್ಗೆಯೂ ಕೇಳಿದೆ. ಡಕ್ಟಿನೊಳಗೆ ಅಂಟಿನ ಸೂಕ್ಷ್ಮ ಕಣಗಳನ್ನು ಗಾಳಿಯಲ್ಲಿ ತೇಲಿ ಬಿಡುತ್ತಾರೆ, ಅವು ಸೋರುವ ಬಿರುಕಿನ ಅಂಚಿಗೇ ಹೋಗಿ ಕೂತು ಮುಚ್ಚಿಕೊಳ್ಳುತ್ತವೆ. ಅದೇ ಬರ್ಕ್ಲಿ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ವಿದ್ಯೆ. ಗೋಡೆಯೊಳಗೆ ಹೂತುಹೋದ, ಕೈ ಎಟುಕದ ಡಕ್ಟಿಗೆ ಚೆನ್ನ. ಆದರೆ ಹೆಚ್ಚೆಂದರೆ ಅರ್ಧ ಇಂಚಿನ ಆಸುಪಾಸಿನವರೆಗಿನ ಸಂದುಗಳಿಗೆ ಮಾತ್ರ, ನಮ್ಮ ಗೇಣಗಲದ ಬಾಯಿಗಲ್ಲ. ನಮ್ಮದೆಲ್ಲ ಕೈಗೆ ಸಿಗುವ ಜಾಗದಲ್ಲೇ ಇದ್ದದ್ದರಿಂದ ಮೇಸ್ತ್ರಿ ಬೇಡ ಅಂದರು.

ಕೆಲಸದ ಕ್ರಮವೂ ನಾನು ಅಂದುಕೊಂಡ ಹಾಗಿರಲಿಲ್ಲ. ಮೊದಲು ದೊಡ್ಡ ತೂತು ಮುಚ್ಚಿದರು, ಆಮೇಲೆ ಕ್ಲೀನಿಂಗ್, ಆಮೇಲೆ ಸಣ್ಣ ಬಿರುಕು. ಕಾರಣ ಸರಳ. ಕ್ಲೀನ್ ಮಾಡುವಾಗ ದೊಡ್ಡ ವ್ಯಾಕ್ಯೂಮ್ ಒಂದನ್ನು ಡಕ್ಟಿಗೆ ಸೇರಿಸಿ ಒಳಗೆಲ್ಲ ಎಳೆತ ಹುಟ್ಟಿಸುತ್ತಾರೆ, ಬ್ರಷ್ಷು ಎಬ್ಬಿಸಿದ ಧೂಳು ಕೋಣೆಗೆ ಬರದೆ ಆ ಎಳೆತಕ್ಕೆ ಸಿಕ್ಕಿ ಅತ್ತ ಹೋಗುತ್ತದೆ. ಗೇಣಗಲದ ತೂತು ಇದ್ದರೆ ಎಳೆತ ಎಲ್ಲಿ ಬರುತ್ತದೆ? ಹರಿದ ಸ್ಟ್ರಾದಲ್ಲಿ ನೀರು ಕುಡಿದ ಹಾಗೆ. ತೊಲೆ ಸಂದಿಯ ರಿಟರ್ನನ್ನು ಬಿಚ್ಚಿ ಒಳಗೆ ನಿಜವಾದ ತಗಡಿನ ಡಕ್ಟ್ ಕೂರಿಸಿದರು, ಕಳಚಿದ ಮೊಣಕೈಯನ್ನೂ ಜೋಡಿಸಿಟ್ಟರು. ಒಂದಿಡೀ ದಿನ ಹಿಡಿಯಿತು.

ಕ್ಲೀನಿಂಗ್ ದಿನ ಬೆಳಿಗ್ಗೆ ಎಂಟಕ್ಕೆ ಶುರು. ಯಂತ್ರ ಆಫ್ ಮಾಡಿ, ಯಂತ್ರದ ಮೇಲಿನ ದೊಡ್ಡ ಪೆಟ್ಟಿಗೆಯಂಥ ಭಾಗದಲ್ಲಿ ಎಂಟು ಇಂಚಿನ ದುಂಡನೆಯ ತೂತು ಕೊರೆದರು. ಹೊಸ ತೂತು ಕೊರೆಯುವುದನ್ನು ನೋಡಿ ನಮ್ಮವರ ಮುಖ ಸಣ್ಣಗಾಯಿತು. ಅದಕ್ಕೆ ಆನೆ ಸೊಂಡಿಲಿನಂಥ ಪೈಪ್, ಪೈಪಿನ ಆ ತುದಿಗೆ ಹೆಪಾ ಫಿಲ್ಟರ್ ಇರುವ ಯಂತ್ರ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ನ್ನು ಹಿಡಿಯುವ ಫಿಲ್ಟರ್ ಅದು. ಅದಿಲ್ಲದೆ ಮನೆಯೊಳಗೇ ವ್ಯಾಕ್ಯೂಮ್ ಇಟ್ಟರೆ ನುಣ್ಣನೆಯ ಧೂಳೆಲ್ಲ ಆ ಕಡೆಯಿಂದ ಮನೆಗೇ ವಾಪಸ್. ಆಮೇಲೆ ಒಂದೊಂದೇ ಗ್ರಿಲ್ ತೆಗೆದು, ಉಳಿದೆಲ್ಲವನ್ನೂ ಪ್ಲಾಸ್ಟಿಕ್ಕಿನಿಂದ ಮುಚ್ಚಿ, ತೆರೆದ ಬಾಯಿಯಿಂದ ಕೇಬಲ್ ತುದಿಯಲ್ಲಿ ತಿರುಗುವ ಬ್ರಷ್ ಬಿಟ್ಟರು. ಬ್ರಷ್ ಹೋಗದ ತಿರುವುಗಳಿಗೆ ಗಾಳಿಯ ಚಾಟಿ. ರಬ್ಬರ್ ಬಾಲಗಳಿರುವ ಒಂದು ಮೂತಿ, ಕಂಪ್ರೆಸರ್ ಗಾಳಿ ಬಿಟ್ಟರೆ ಹುಚ್ಚೆದ್ದ ಹಾಗೆ ತಗಡಿಗೆ ಪಟಪಟ ಬಡಿಯುತ್ತದೆ. ಸದ್ದು ಎಷ್ಟೆಂದರೆ ಬೆಕ್ಕು ಎರಡು ದಿನ ನಮ್ಮ ಮೇಲೆ ಮುನಿಸಿಕೊಂಡಿತ್ತು.

ಒಂದು ಅನಾಹುತ ಆಯಿತು, ತಪ್ಪು ನನ್ನದೇ. ಕೋಣೆಗಳಲ್ಲಿ ಬಟ್ಟೆ ಬರೆ ಮುಚ್ಚಿಡಿ ಅಂತ ಹಿಂದಿನ ದಿನವೇ ಹೇಳಿದ್ದರು. ಮಗನ ಕೋಣೆಯಲ್ಲಿ ಒಗೆದ ಬಟ್ಟೆಯ ರಾಶಿ ಮಂಚದ ಮೇಲೆ ಹಾಗೇ ಬಿಟ್ಟಿದ್ದೆ. ಅಲ್ಲಿಯ ಗ್ರಿಲ್ಲಿನ ಪ್ಲಾಸ್ಟಿಕ್ ಒಂದು ಮೂಲೆ ಬಿಟ್ಟುಕೊಂಡು, ಚಾಟಿಯ ಗಾಳಿಗೆ ಬುಸ್ ಅಂತ ಒಂದು ಬೊಗಸೆ ಧೂಳು ಹೊರಬಂತು. ಹುಡುಗ ಓಡಿ ಬಂದು ಒತ್ತಿ ಹಿಡಿದ. ಬಟ್ಟೆ ಮತ್ತೆ ಒಗೆದೆ.

ಏನೇನು ಸಿಕ್ಕಿತು ಗೊತ್ತಾ? ಮನೆ ಕಟ್ಟಿದವರು ಬಿಟ್ಟುಹೋದ ಮರದ ಹೊಟ್ಟು, ಬಾಗಿದ ಮೊಳೆಗಳು, ಗಿಲಾವಿನ ಹೆಂಟೆ. ಆಗ ಗ್ರಿಲ್ಲಿನ ಬಾಯನ್ನೇ ಕಸದಬುಟ್ಟಿ ಮಾಡಿಕೊಂಡಿದ್ದರು ಅಂತ ಕಾಣುತ್ತದೆ. ಎರಡು ಗಾಜಿನ ಗೋಲಿ, ಒಂದು ಇಸ್ಪೀಟ್ ಎಲೆ, ಮೊಂಡು ಪೆನ್ಸಿಲ್, ನಮ್ಮ ಮಗನದೇ ಒಂದು ಆಟದ ಕಾರಿನ ಚಕ್ರ. ಮತ್ತೆ ಒಂದು ಪುಟ್ಟ ಕೀಲಿಕೈ, ಪೆಟ್ಟಿಗೆಯದ್ದೋ ಡೈರಿಯದ್ದೋ. ಗೋಲಿಗಳನ್ನು ಮಗ ತೊಳೆದು ತನ್ನದು ಮಾಡಿಕೊಂಡ. ಕೀಲಿಕೈ ಬಿಸಾಡಲು ನನಗೆ ಮನಸ್ಸು ಬರಲಿಲ್ಲ.

ಡಕ್ಟಿಗಿಂತ ಕೊಳಕಾಗಿದ್ದದ್ದು ಯಂತ್ರದ ಹೊಟ್ಟೆ. ಮೊದಲು ಬಂದವರು ಅದನ್ನು ತೆರೆದೂ ನೋಡಿರಲಿಲ್ಲ. ಈ ಕೆಲಸದವರಿಗೆ ನಾಡ್ಕಾ ಅಂತ ಒಂದು ಸಂಘ ಇದೆ, 1989ರಲ್ಲಿ ಶುರುವಾದದ್ದು. ಬರೀ ಕೊಳವೆ ಮಾತ್ರವಲ್ಲ, ಬ್ಲೋವರ್, ಗಾಳಿ ತಂಪು ಮಾಡುವ ಕಾಯಿಲ್, ಅದರಿಂದ ತೊಟ್ಟಿಕ್ಕುವ ನೀರಿನ ತಟ್ಟೆ ಎಲ್ಲವನ್ನೂ ಕ್ಲೀನ್ ಮಾಡಿದರೇ ಕ್ಲೀನಿಂಗ್ ಅನ್ನುವುದು ಅವರ ನಿಯಮ. ಬ್ಲೋವರಿನ ಚಕ್ರದ ಒಂದೊಂದು ರೆಕ್ಕೆಯ ಗುಳಿಯಲ್ಲೂ ಧೂಳು ಗಟ್ಟಿಯಾಗಿ ಮೆತ್ತಿತ್ತು, ಚಮಚವನ್ನು ಬೋರಲು ಹಾಕಿ ಗಾಳಿ ಎರಚಲು ಹೋದ ಹಾಗೆ ಅದು ಇಷ್ಟು ದಿನ ತಿರುಗಿದ್ದು. ಕಾಯಿಲಿನ ಪಕ್ಕ, ಸದ್ದು ತಗ್ಗಿಸಲು ಒಳಗೆ ಹಚ್ಚಿದ್ದ ಫೈಬರ್‌ಗ್ಲಾಸ್ ಹಾಸು ಎರಡಡಿಯಷ್ಟು ಒದ್ದೆಯಾಗಿ ಕಪ್ಪಾಗಿತ್ತು. ತಟ್ಟೆಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು ಅಲ್ಲಿಗೆ ತುಳುಕುತ್ತಿತ್ತು. ಇದು ನಿಜವಾದ ಬೂಷ್ಟು. ಔಷಧಿ ಹೊಡೀತೀರಾ ಅಂತ ಕೇಳಿದೆ. "ತಗಡಿನ ಮೇಲಿದ್ದರೆ ಉಜ್ಜಿ ತೆಗೀಬಹುದು. ಹತ್ತಿಯಂಥದ್ದರೊಳಗೆ ಇಳಿದಿದ್ದು ಹೋಗಲ್ಲ, ಅದನ್ನ ಕಿತ್ತು ಹಾಕೋದೇ." ಕಿತ್ತು, ಕೊಳವೆ ಬಿಡಿಸಿ, ಹೊಸ ಹಾಸು ಹಾಕಿದರು. ಘಮಘಮ ಏನೂ ಇಲ್ಲ.

ಮಧ್ಯಾಹ್ನದ ಮೇಲೆ ರಿಪೇರಿ. ಆಗಲೇ ಜೋಡಿಸಿಟ್ಟಿದ್ದ ಮೊಣಕೈಗೆ ಮೂರು ಸ್ಕ್ರೂ ಹಾಕಿ, ಮೇಲೆ ಮಾಸ್ಟಿಕ್ ಮೆತ್ತಿದರು. ಮಾಸ್ಟಿಕ್ ಅಂದರೆ ಬೂದು ಬಣ್ಣದ, ಗಿಲಾವಿನಷ್ಟು ಮಂದದ ಅಂಟು. ಬ್ರಷ್ಷಿನಲ್ಲಿ ಬಳಿದರೆ ಒಣಗಿದ ಮೇಲೂ ಸ್ವಲ್ಪ ಬಾಗುವ ಗುಣ ಇದೆ, ತಗಡು ಹಿಗ್ಗಿ ಕುಗ್ಗಿದರೂ ಬಿರಿಯುವುದಿಲ್ಲ. ಅಗಲದ ಸಂದಿಗೆ ಮೊದಲು ಬಲೆಯಂಥ ಪಟ್ಟಿ, ಅದರ ಮೇಲೆ ಮಾಸ್ಟಿಕ್. ಟೇಪ್ ಬೇಕಾದ ಕಡೆ, ಡಕ್ಟಿಗೆಂದೇ ಇರುವ ಗುಣಮಟ್ಟದ ಗುರುತು ಯುಎಲ್ 181 ಎಂದು ಅಚ್ಚಾಗಿರುವ ಫಾಯಿಲ್ ಟೇಪ್ ಮಾತ್ರ. ಅಟ್ಟದಲ್ಲಿ ನಂತರದ ಕಾಲದಲ್ಲಿ ಯಾರೋ ಹಾಕಿಸಿದ ಬಗ್ಗುವ ಪ್ಲಾಸ್ಟಿಕ್ ಡಕ್ಟು ಬಟ್ಟೆ ಒಣಹಾಕಿದ ಹಗ್ಗದಂತೆ ಜೋತಿತ್ತು, ಅದನ್ನು ಎಳೆದು ಬಿಗಿ ಮಾಡಿ ಅಗಲದ ಪಟ್ಟಿಗಳಲ್ಲಿ ತೂಗಿಸಿದರು. ಜೋತ ಕಡೆಯೆಲ್ಲ ಗಾಳಿ ಏದುಸಿರು ಬಿಡುತ್ತದಂತೆ. ಬೆಳಿಗ್ಗೆ ಕೊರೆದ ತೂತಿಗೂ ತಗಡಿನ ತೇಪೆ, ಸ್ಕ್ರೂ, ಮಾಸ್ಟಿಕ್. ನಮ್ಮವರು ಅದನ್ನು ಬೆರಳಲ್ಲಿ ತಟ್ಟಿ ನೋಡಿದ ಮೇಲೆ ಸಮಾಧಾನ ಮಾಡಿಕೊಂಡರು.

ಮುಗಿಸಿ ಮತ್ತೆ ಪ್ಲಾಸ್ಟಿಕ್ ಅಂಟಿಸಿ ಫ್ಯಾನ್ ಕಟ್ಟಿದರು. 390 ಇದ್ದದ್ದು 85. ಹುಡುಗ ಇನ್ನೊಮ್ಮೆ ಅಳೆದ, 85. ಆಮೇಲೆ ಗ್ಯಾಸಿನ ಯಂತ್ರ, ಗೀಸರ್ ಎರಡನ್ನೂ ಹೊತ್ತಿಸಿ ಹೊಗೆ ಕೊಳವೆಯ ಹತ್ತಿರ ಮೀಟರ್ ಹಿಡಿದರು. ಡಕ್ಟಿನ ಸೋರಿಕೆ ಮುಚ್ಚಿದರೆ ಮನೆಯೊಳಗಿನ ಗಾಳಿಯ ಒತ್ತಡ ಬದಲಾಗುತ್ತದೆ. ಹೊರಗೆ ಹೋಗಬೇಕಾದ ಹೊಗೆ ಒಳಕ್ಕೆ ತಿರುಗಿಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ, ಬಣ್ಣ ಇಲ್ಲ, ವಾಸನೆ ಇಲ್ಲ. ಇದೊಂದು ಪರೀಕ್ಷೆ ಮಾಡದೆ ಹೋಗುವವರನ್ನು ಬಿಡಬೇಡಿ. ನಮ್ಮಲ್ಲಿ ಎಲ್ಲ ಸರಿಯಿತ್ತು, ಆದರೂ ಅಲಾರಂ ಒಂದು ಹಾಕಿಸಿದೆವು.

ಫಿಲ್ಟರಿನ ವಿಷಯದಲ್ಲಿ ನಾನು ಅತಿಬುದ್ಧಿ ತೋರಿಸಲು ಹೋದೆ. ಮರ್ವ್ ಅಂತ ಒಂದು ಅಳತೆ ಇದೆ, ಸಂಖ್ಯೆ ಜಾಸ್ತಿಯಾದಷ್ಟೂ ಸಣ್ಣ ಕಣ ಹಿಡಿಯುತ್ತದೆ. ನಾನು ಒಂದಿಂಚು ದಪ್ಪದ ಮರ್ವ್ 13 ತಂದಿಟ್ಟಿದ್ದೆ. ಮೇಸ್ತ್ರಿ ಅದನ್ನು ಹಾಕಿ ಒತ್ತಡ ಅಳೆದು ತೋರಿಸಿದರು. ಈ ಒತ್ತಡವನ್ನು ನೀರಿನ ಮಟ್ಟ ಎಷ್ಟು ಇಂಚು ಏರುತ್ತದೆ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ; ಯಂತ್ರದ ಮೇಲೆ 0.5 ಇಂಚು ಮೀರಬಾರದು ಅಂತ ಬರೆದಿದೆ, ಬಂದದ್ದು 0.8. ದಪ್ಪ ಮಾಸ್ಕ್ ಹಾಕಿಕೊಂಡು ಓಡಿದ ಹಾಗೆ ಅಂದರು. ನಾಲ್ಕಿಂಚು ದಪ್ಪದ ಫಿಲ್ಟರ್ ಕೂರುವ ಪೆಟ್ಟಿಗೆ ಮಾಡಿ, ಸುತ್ತ ಸಂದಿಯಿಲ್ಲದೆ ರಬ್ಬರ್ ಪಟ್ಟಿ ಕೊಟ್ಟರು. ಅದರ ಮಡಿಕೆಗಳಲ್ಲಿ ಜಾಗ ಜಾಸ್ತಿ, ಅದೇ ಮರ್ವ್ 13ಕ್ಕೂ 0.5ರ ಒಳಗೆ ನಿಂತಿತು.

ಈಗ ಎಂಟು ತಿಂಗಳಾಯಿತು. ಧೂಳು ನಿಂತಿದೆಯಾ? ಇಲ್ಲ. ಬಟ್ಟೆಯ ನೂಲು, ನಮ್ಮದೇ ಚರ್ಮದ ಹೊಟ್ಟು, ಬೆಕ್ಕಿನ ಕೂದಲು, ಬೀದಿಯಿಂದ ಬರುವುದು, ಅದೆಲ್ಲ ಇದ್ದೇ ಇದೆ. ಆದರೆ ಹೆಸರು ಬರೆಯುವಷ್ಟಾಗಲು ಈಗ ಎರಡು ವಾರಕ್ಕಿಂತ ಹೆಚ್ಚು ಬೇಕು, ನಾನು ಲೆಕ್ಕ ಇಟ್ಟಿದ್ದೇನೆ. ಮಣ್ಣಿನ ವಾಸನೆ ಆವತ್ತೇ ಹೋಯಿತು. ಮಗನ ಕೆಮ್ಮು ಕಡಿಮೆಯಾಯಿತಾ ಅಂತ ಕೇಳುವವರಿಗೆ, ಈ ವರ್ಷ ಕಡಿಮೆ ಇದೆ, ಆದರೆ ಅದು ಡಕ್ಟಿನಿಂದ ಅಂತ ಹೇಳುವ ಧೈರ್ಯ ನನಗಿಲ್ಲ. ಅವನು ಒಂದು ವರ್ಷ ದೊಡ್ಡವನೂ ಆಗಿದ್ದಾನೆ. ಅತ್ತೆ ಸ್ವೆಟರ್ ಬಿಚ್ಚಿದ್ದಾರೆ. ಈಗ ಅವರ ದೂರು, ಕೋಣೆ ಜಾಸ್ತಿ ಸೆಕೆ.

ಇನ್ನೊಮ್ಮೆ ಮಾಡುವುದಾದರೆ ಮೊದಲೇ ನೆಲದಡಿ ಟಾರ್ಚ್ ಹಿಡಿದು ನಾನೇ ಇಣುಕುತ್ತಿದ್ದೆ, ಅಷ್ಟೇ. ಮುಟ್ಟದೆ, ಮಾಸ್ಕ್ ಕಟ್ಟಿಕೊಂಡು. ಜೋತು ಬಿದ್ದ ಟೇಪು, ಬಾಯಿಬಿಟ್ಟ ತಗಡು ಕಾಣಲು ಯಾವ ಕ್ಯಾಮೆರಾವೂ ಬೇಕಾಗಿರಲಿಲ್ಲ. ಹೋದ ತಿಂಗಳು ಇಣುಕಿದೆ. ಮಾಸ್ಟಿಕ್ ಮೇಲೆ ಮೇಸ್ತ್ರಿ ಮಾರ್ಕರಿನಲ್ಲಿ ತಾರೀಖು, ಅದರ ಕೆಳಗೆ 85 ಅಂತ ಬರೆದು ಹೋಗಿದ್ದಾರೆ. ಪಕ್ಕದಲ್ಲಿ ಆಗಲೇ ಒಂದು ಜೇಡ ಮನೆ ಕಟ್ಟಿಕೊಂಡಿದೆ, ಬಲೆ ಮಾತ್ರ ಒಂಚೂರೂ ಅಲುಗುತ್ತಿರಲಿಲ್ಲ. ಮೇಲೆ ಬ್ಲೋವರ್ ಓಡುತ್ತಿತ್ತು.